ಡಾಕ್ಟ್ರಕ್ಕನ ಒದ್ದೆ ಅಂಗೈ

ಡಾಕ್ಟ್ರಕ್ಕನ ಅಂಗೈ ಯಾವಾಗಲೂ ಒದ್ದೆ. ಹೆದರಿಕೆಯ ಬೆವರು. ಎಡಗೈಯಲ್ಲಿ ಮುದ್ದೆಯಾದ ಕರ್ಚೀಫು ಇದ್ದೇ ಇರುತ್ತಿತ್ತು. ಮಾತಿನ ನಡುವೆ ಒರೆಸಿಕೊಳ್ಳುವುದು, ಮತ್ತೆ ಒದ್ದೆಯಾಗುವುದು. ಎರ್ನಾಕುಲಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಆಯುರ್ವೇದ ಡಾಕ್ಟರು ಅವರು. ನಮ್ಮ ಹಾಗೆಯೇ ಕಾಸರಗೋಡಿನ ಕಡೆಯವರು, ನನಗಿಂತ ದೊಡ್ಡವರು, ಹಾಗಾಗಿ ಅಕ್ಕ.

ಅಂಥ ಪುಕ್ಕಲು ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಹಲ್ಲಿಗೆ ಹೆದರಿಕೆ, ಲಿಫ್ಟಿಗೆ ಹೆದರಿಕೆ, ಮನೆ ಹತ್ತಿರದ ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ರಸ್ತೆ ದಾಟಬೇಕಾದರೆ ನನ್ನ ಸೆರಗು ಹಿಡಿದುಕೊಳ್ಳುವರು. ಆದರೆ ಮುಚ್ಚಿಡುವ ಪೈಕಿ ಅಲ್ಲ. "ನನಗೀಗ ಹೆದರಿಕೆ ಆಗ್ತಾ ಉಂಟು" ಎಂದು, ಮಳೆ ಬರ್ತಾ ಉಂಟು ಎನ್ನುವಷ್ಟೇ ಸಲೀಸಾಗಿ ಹೇಳಿ, ಕಾಲು ಮುಂದಿಡುವರು. ನಾನೋ, ಕೋರ್ಟಿನಲ್ಲಿ ವಾದ ಮಾಡುವ ವಕೀಲೆ. ಒಳಗೆ ಪುಕಪುಕ ಎನ್ನುತ್ತಿದ್ದರೂ ಹೊರಗೆ ಹುಲಿ.

ಇಂಥವರು ಒಂದು ದಿನ ಬಂದು, "ಚೀನಾಕ್ಕೆ ಹೋಗ್ತೇನೆ, ಸೂಜಿ ಚಿಕಿತ್ಸೆ ಕಲೀಲಿಕ್ಕೆ" ಅಂದಾಗ ನನ್ನ ಕೈಯ ಚಹಾ ಚೆಲ್ಲಿತು. ಆ ದೇಶದ ಸಾರ್ಸ್ ಜ್ವರದ ಸುದ್ದಿ ಪೇಪರಿನಿಂದ ಆಗಷ್ಟೇ ಮರೆಯಾಗುತ್ತಿತ್ತು.

"ಹುಚ್ಚಾ ನಿಮಗೆ? ಭಾಷೆ ಬಾರದು, ಊಟ ಸೇರದು, ಜ್ವರಗಿರ ಹತ್ತಿಕೊಂಡರೆ?"

"ಅದನ್ನೆಲ್ಲ ನಾನೂ ಎಣಿಸಿದೆ ಮಾರಾಯ್ತಿ, ನಿದ್ರೆಯೇ ಬರೂದಿಲ್ಲ. ಆದರೆ ನನ್ನ ಮದ್ದಿನಲ್ಲಿ ನೋವು ಕಡಿಮೆ ಆಗದವರು ಬಂದು ಮುಖ ನೋಡ್ತಾರಲ್ಲ, ಅದು ಇನ್ನೂ ಹೆದರಿಕೆ. ಬರುವುದಾದರೆ ಬರ್ಲಿ ಈ ಹೆದರಿಕೆಯೂ ಜೊತೆಗೆ, ಅದಕ್ಕೆ ಟಿಕೆಟ್ ಬೇಡವಲ್ಲ."

ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದರು. ಬಿಟ್ಟಾಗ ನನ್ನ ಕೈಯೂ ಒದ್ದೆ. ಅವರು ಅಲ್ಲಿದ್ದ ಅಷ್ಟೂ ತಿಂಗಳು ಫೋನ್ ರಿಂಗಾದರೆ ಅವರದೇ ಏನೋ ಕೆಟ್ಟ ಸುದ್ದಿ ಎಂದು ಓಡಿಹೋಗಿ ಎತ್ತುತ್ತಿದ್ದೆ.

ಅಲ್ಲಿಯ ಕತೆ ಕೇಳಿ ಕೇಳಿ ನನಗೆ ಬಾಯಿಪಾಠ. ಮೊದಲ ಸಲ ರೋಗಿಯ ಎದುರು ಸೂಜಿ ಹಿಡಿದಾಗ ಡಾಕ್ಟ್ರಕ್ಕನ ಕೈ ಗಡಗಡ. ಕಲಿಸುತ್ತಿದ್ದ ವಯಸ್ಸಾದ ಟೀಚರಮ್ಮ ಬೈಯಲಿಲ್ಲ, ದುಭಾಷಿಯನ್ನೂ ಕರೆಯಲಿಲ್ಲ. ತನ್ನ ಪ್ಯಾಂಟನ್ನು ಮೇಲೆ ಸರಿಸಿ, ಮೊಣಕಾಲಿನ ಕೆಳಗೆ ತಾನೇ ಒಂದು ಸೂಜಿ ಚುಚ್ಚಿಕೊಂಡು, ಆಮೇಲೆ ಡಾಕ್ಟ್ರಕ್ಕನ ಕಾಲಿನತ್ತ ಬೊಟ್ಟು ಮಾಡಿದರು. ಇವರು ಕಣ್ಣಲ್ಲಿ ನೀರು ತುಂಬಿಕೊಂಡು ತಮಗೇ ಚುಚ್ಚಿಕೊಂಡರು. ರೋಗಿಯ ಸರದಿ ಅದರ ನಂತರ. ಚೀನಾದಿಂದ ವಾಪಸ್ಸು ಬಂದು ಪಾಲಾರಿವಟ್ಟಂನಲ್ಲಿ ಕ್ಲಿನಿಕ್ ತೆರೆದ ಮೇಲೂ ಅದೇ ಕ್ರಮ. ಹೊಸಬರು ಬಂದರೆ ಮೊದಲು ತನಗೆ, ಆಮೇಲೆ ಬೇರೆ ಸೂಜಿ ತೆಗೆದು ಅವರಿಗೆ.

ಇದನ್ನು ಕೇಳಿ ನಾನು ಬಿದ್ದು ಬಿದ್ದು ನಗುತ್ತಿದ್ದೆ. ನನ್ನ ನಗು ನಿಂತದ್ದು ಒಂದು ಬೆಳಿಗ್ಗೆ, ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿದಾಗ. ಕನ್ನಡಿ ನೋಡಿದರೆ ಅರ್ಧ ಮುಖ ಜೋತುಬಿದ್ದಿದೆ, ಬಲಗಣ್ಣು ಮುಚ್ಚುವುದೇ ಇಲ್ಲ. ಅಯ್ಯೋ ದೇವರೇ, ಇದು ನಾನಾ? ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮುಖದ ನರದ ತೊಂದರೆ, ಸರಿಹೋಗಬಹುದು ಎಂದು ಮಾತ್ರೆ ಕೊಟ್ಟರು. 'ಬಹುದು' ಎಂಬುದಕ್ಕೆ ಎಷ್ಟು ಬೆಲೆ ಎಂದು ವಕೀಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಮಾತಾಡಿಯೇ ಹೊಟ್ಟೆ ಹೊರೆಯುವವಳ ಬಾಯಿಂದ 'ಪ' ಹೊರಡುತ್ತಿರಲಿಲ್ಲ, 'ಬ' ಹೊರಡುತ್ತಿರಲಿಲ್ಲ. ಇನ್ನು ಕೋರ್ಟಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಡಾಕ್ಟ್ರಕ್ಕನ ಕ್ಲಿನಿಕ್ಕಿನಲ್ಲಿ ಕೂತು ಅತ್ತೆ.

"ಮಾತ್ರೆ ಬಿಡಬೇಡ. ಇದು ಅದರ ಜೊತೆಗೆ. ಸರಿಯಾಗ್ತದೆ ಅಂತ ನಾನೂ ಆಣೆ ಇಡೂದಿಲ್ಲ" ಎಂದು ಡಾಕ್ಟ್ರಕ್ಕ ಸೂಜಿ ತೆಗೆದರು. ಅದು ಕೆನ್ನೆಯ ಹತ್ತಿರ ಬಂದದ್ದೇ ತಡ, ಕಿಟಾರನೆ ಕಿರುಚಿದೆ. ಅವರು ಹಿಂದೆ ಸರಿದು, ಕನ್ನಡಿ ಎದುರಿಟ್ಟುಕೊಂಡು, ತಮ್ಮ ಕೆನ್ನೆಗೆ ಒಂದು, ತುಟಿಯಂಚಿಗೆ ಒಂದು ಚುಚ್ಚಿಕೊಂಡು ನನ್ನತ್ತ ತಿರುಗಿದರು.

"ನಿಮಗೆ ಹೆದರಿಕೆ ಆಗೂದಿಲ್ವಾ?" ತೊದಲಿದೆ.

"ಆಗ್ತಾ ಉಂಟು." ಒದ್ದೆ ಅಂಗೈ ತೋರಿಸಿದರು.

"ಡಾಕ್ಟರಾದವರು ಹೀಗೆ ಹೇಳಬಹುದಾ?"

"ಹೇಳದಿದ್ದರೆ ಹೋಗ್ತದಾ?"

ಮುಖದ ತುಂಬ ಸೂಜಿ ಇಟ್ಟುಕೊಂಡು ಇಬ್ಬರೂ ಎದುರುಬದುರು ಕೂತೆವು. ನಗು ಬಂದರೂ ನಗುವಂತಿಲ್ಲ. ಕೆಲವು ವಾರಗಳಲ್ಲಿ ನನ್ನ ಮುಖ ನನಗೆ ವಾಪಸ್ಸು ಸಿಕ್ಕಿತು. "ಸೂಜಿಯಿಂದಲೋ, ಮಾತ್ರೆಯಿಂದಲೋ, ಅದರಷ್ಟಕ್ಕೇ ಆದದ್ದೋ, ನನಗಂತೂ ಗೊತ್ತಿಲ್ಲ" ಅಂದರು. ಹಾಗೆ ಹೇಳಿದ್ದಕ್ಕೇ ಅವರ ಮೇಲೆ ನನಗೆ ಇನ್ನಷ್ಟು ನಂಬಿಕೆ ಬಂತು.

ಆಮೇಲೆ ಅವರು ಕ್ಲಿನಿಕ್ ಮುಚ್ಚಿ ತಿರುವನಂತಪುರದ ಮಗಳ ಮನೆಯಲ್ಲಿರಲು ಹೋದರು. ಒಂದೆರಡು ವರ್ಷ ಕಳೆದು ಆ ಮಗಳ ಫೋನ್ ಬಂತು: ಅಮ್ಮನಿಗೆ ಹೊಟ್ಟೆಯ ದೊಡ್ಡ ಆಪರೇಷನ್, ರಕ್ತ ಬೇಕು. ಬೆಳಿಗ್ಗೆ ಅಲ್ಲಿಯ ತಂಪಾನೂರು ಸ್ಟೇಷನ್ನಿನಲ್ಲಿ ರೈಲಿಳಿದು, ಸೀದಾ ಆಸ್ಪತ್ರೆಯ ರಕ್ತ ಕೊಡುವ ಕೋಣೆಗೆ ಹೋದೆ. ರಕ್ತ ತೆಗೆಯುವ ಸೂಜಿ, ನೋಡಿದವರಿಗೆ ಗೊತ್ತು, ದಬ್ಬಣದ ಹಾಗಿರುತ್ತದೆ. ಕಣ್ಣು ಮುಚ್ಚಿ ಕೈ ಚಾಚಿದೆ.

ಮೇಲೆ ಹೋದರೆ ನರ್ಸು ಡ್ರಿಪ್ಪಿನ ಸೂಜಿ ಹಿಡಿದು ಕಾಯುತ್ತಿದ್ದಾಳೆ. "ಅಮ್ಮ ಯಾರಿಗೂ ಕೈ ಕೊಡ್ತಿಲ್ಲ ಆಂಟೀ" ಎಂದು ಮಗಳು ಮಲಯಾಳದಲ್ಲಿ ಪಿಸುಗುಟ್ಟಿದಳು. ಡಾಕ್ಟ್ರಕ್ಕನ ಎರಡೂ ಕೈ ಹೊದಿಕೆಯ ಒಳಗೆ.

"ನನಗೆ ತುಂಬಾ ಹೆದರಿಕೆ ಆಗ್ತಾ ಉಂಟು ಮಾರಾಯ್ತಿ."

ನಾನು ತೋಳು ಮುಂದೆ ಮಾಡಿದೆ. ಮೊಣಕೈಯ ಒಳಗೆ ಅಂಟಿಸಿದ್ದ ಹತ್ತಿಯನ್ನು ಅವರು ನೋಡಿದರು.

"ಮೊದಲು ನಿನಗಾ?"

"ಹೌದು ಡಾಕ್ಟ್ರಕ್ಕ. ಮೊದಲು ನನಗೆ."

ಸಣ್ಣಗೆ ನಕ್ಕರು. ಹೊದಿಕೆಯಿಂದ ಕೈ ಹೊರಗೆ ತೆಗೆದು, ಕರ್ಚೀಫಿನಿಂದ ಚೆನ್ನಾಗಿ ಒರೆಸಿ, ನರ್ಸಿಗೆ ಕೊಟ್ಟರು.

ಆಪರೇಷನ್ನಿನಿಂದ ಅವರು ಏಳಲಿಲ್ಲ.

ಹೊರಗಿನ ಹುಲಿ ವೇಷ ನಾನು ಬಿಟ್ಟು ಬಹಳ ಕಾಲವಾಯಿತು. ಈಗಲೂ ನನ್ನ ಕೇಸು ಕರೆದಾಗ ಅಂಗೈ ಒದ್ದೆಯಾಗುತ್ತದೆ. ಪಕ್ಕದಲ್ಲಿರುವ ಜೂನಿಯರ್ ಹುಡುಗಿಗೆ, "ನನಗೆ ಹೆದರಿಕೆ ಆಗ್ತಾ ಉಂಟು" ಎಂದು ಹೇಳಿ, ಕರ್ಚೀಫಿಗೆ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತೇನೆ.