ಕಿಲಾರಿಗೆ ಬಡಿಸಿದ ಸಾರು

ಭಾನುವಾರ ಪಕ್ಕದ ಮನೆಯಲ್ಲಿ ಕೋಳಿ ಸಾರು ಕುದಿಯತೊಡಗಿದರೆ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ವಯಸ್ಸಾಗುತ್ತ ನನಗೆ ದೈವಭಕ್ತಿ ಬಂದಿದೆ ಎಂದು ಮನೆಯವರು ತಿಳಿದಿದ್ದಾರೆ. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಹುರಿದ ಕೊಬ್ಬರಿ, ಲವಂಗದ ಆ ವಾಸನೆ ಬಂದರೆ ಸಾಕು, ಮೊಳಕಾಲ್ಮುರಿನ ಆಚೆಯ ಒಂದು ಒಣ ಕಣಿವೆಯೂ ಅಲ್ಲಿ ಬಂಡೆಯ ಮೇಲೆ ಉಣ್ಣಲು ಕೂತ ಒಬ್ಬ ಮನುಷ್ಯನೂ ಕಣ್ಣ ಮುಂದೆ ಬರುತ್ತಾರೆ...

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯಲ್ಲಿ ಡಿಗ್ರಿ ಓದುತ್ತಿದ್ದ ನಾವು ಆರು ಜನ ಚಾರಣಕ್ಕೆ ಹೊರಟೆವು. ಯಾರೋ ಹಿಮಾಲಯ ಹತ್ತಿದ್ದನ್ನು ಪತ್ರಿಕೆಯಲ್ಲಿ ಓದಿ ತಲೆಗೇರಿತ್ತು. ನಮಗೆ ಸಿಕ್ಕಿದ್ದು ದೇವಸಮುದ್ರದ ಕಡೆಯ ಬೋಳು ಗುಡ್ಡಗಳು, ನೀರು ಹರಿಯುವುದನ್ನೇ ಮರೆತ ಕೊರಕಲುಗಳು. ಅಲ್ಲಿ ದಾರಿ ತೋರಿಸಲು ಒಬ್ಬ ಕಿಲಾರಿ ಒಪ್ಪಿದ. ಕಿಲಾರಿ ಎಂದರೆ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳ ಮೇಲೆ ಯಾರೂ ನೊಗ ಹೊರಿಸುವುದಿಲ್ಲ, ಅವನ್ನು ಮಾರುವುದಿಲ್ಲ. ಅವುಗಳ ರೊಪ್ಪದೊಳಗೆ, ಅಂದರೆ ಮುಳ್ಳುಬೇಲಿಯ ದೊಡ್ಡಿಯೊಳಗೆ, ಕಾಲಿಡುವವನು ಶುದ್ಧವಾಗಿರಬೇಕು. ಅವನ ಮಂದಿ ಕೋಳಿ ತಿನ್ನುವುದಿಲ್ಲ. ಕಿಲಾರಿಯಾದವನು ಅದು ಬೆಂದ ಪಾತ್ರೆಯನ್ನೂ ಮುಟ್ಟುವಂತಿಲ್ಲ. ಹೆಂಡತಿ ಮಕ್ಕಳಿಲ್ಲದ ಅವನಿಗೆ ಎತ್ತುಗಳೇ ಸಂಸಾರ. 'ಕಾಲೇಜು ಹುಡುಗ್ರು, ದಾರಿ ತಪ್ಪಿ ಕರಡಿ ಬಾಯಿಗೆ ಹೋಗ್ತಾವೆ' ಎಂದು ಎರಡು ದಿನಕ್ಕೆ ಎತ್ತುಗಳನ್ನು ತಮ್ಮನಿಗೊಪ್ಪಿಸಿ ಬಂದ. ನಾವು ಅವನ ಹೆಸರು ಕೂಡ ಕೇಳಲಿಲ್ಲ.

ಮೊದಲ ಮಧ್ಯಾಹ್ನವೇ ನಮ್ಮ ನೀರು ಮುಗಿಯಿತು. ಬಂಡೆಗಳು ಹಂಚಿನಂತೆ ಕಾದಿದ್ದವು. ನನಗೆ ಕಣ್ಣು ಕತ್ತಲೆ ಬಂದು ಕುಸಿದೆ. ಕಿಲಾರಿ ತನ್ನ ಕಂಬಳಿಯನ್ನು ನನ್ನ ತಲೆಗೆ ಹೊದಿಸಿ, ಮಗುವನ್ನು ನಡೆಸುವ ಹಾಗೆ ಕೈಹಿಡಿದು ಎರಡು ಬಂಡೆಗಳ ಸಂದಿಗೆ ಇಳಿಸಿದ. ಅಲ್ಲೊಂದು ದೊಣೆ, ಕಲ್ಲಿನ ಗುಂಡಿಯಲ್ಲಿ ನಿಂತ ಮಳೆನೀರು. ಕಸ ಸರಿಸಿ, ಪಂಚೆಯ ಅಂಚಿನಲ್ಲಿ ಸೋಸಿ ನಮಗೆಲ್ಲ ಕುಡಿಸಿ ಕೊನೆಗೆ ತಾನು ಕುಡಿದ. 'ಮೆಲ್ಲಕೆ ಕುಡಿ, ಎದೆ ಹಿಡಿತೈತೆ' ಎಂದು ನನ್ನ ಬೆನ್ನು ಸವರಿದ. ಗೆಳೆಯರು ನಕ್ಕರು. ಉಳಿದ ದಾರಿಯುದ್ದಕ್ಕೂ ನನ್ನನ್ನು 'ಕಿಲಾರಿಯ ಕರು' ಎಂದು ಕರೆದರು.

ಹೊತ್ತು ಮುಳುಗುವ ಮುಂಚೆ ಡೇರೆ ಹೊಡೆದು ಒಲೆ ಹೂಡಿದೆವು. ನಮ್ಮಲ್ಲೊಬ್ಬ ಕೆಳಗಿನ ಊರಿನಿಂದ ಕೋಳಿ ಹೊತ್ತು ತಂದಿದ್ದ. ಕಿಲಾರಿ ದೂರದ ಬಂಡೆಗೆ ಹೋಗಿ ತನ್ನ ಒಣ ರೊಟ್ಟಿ ಬಿಚ್ಚಿದ. ಅಡುಗೆ ನನ್ನ ಪಾಲಿಗೆ ಬಂದಿತ್ತು. ಬೇಳೆ ಸಾರು ಬೇರೆ ಪಾತ್ರೆಯಲ್ಲಿದೆ, ಹಾಕಿಸಿಕೋ ಎಂದು ಕರೆದೆ. ಅವನು ಸ್ವಲ್ಪ ಅನುಮಾನಿಸಿದ.

'ಸೌಟು ಬೇರೆ ಐತೇನಪ್ಪ?'

'ಬೇರೆ ಐತೆ, ನನ್ನಾಣೆ' ಎಂದೆ.

ಬೇಳೆ ಸಾರಿಗೆ ಆಗಲೇ ಎರಡು ಸೌಟು ಕೋಳಿ ರಸ ಬೆರೆಸಿದ್ದೆ. ಗೆಳೆಯರು ಹುರಿದುಂಬಿಸಿದರು ನಿಜ, ಆದರೆ ಕೈ ನನ್ನದು. ಹುಡುಗಾಟ ಎಂದು ಹೇಳಿಕೊಳ್ಳಬಹುದು. ಹುಡುಗಾಟವಲ್ಲ. ಎಲ್ಲರ ಮುಂದೆ ಅವನ ಕೈಹಿಡಿದು ನಡೆಯಬೇಕಾಗಿ ಬಂದದ್ದು ನನಗೆ ಉರಿಯುತ್ತಿತ್ತು, ಅವನನ್ನೂ ಕೆಳಗೆ ಎಳೆಯಬೇಕಿತ್ತು.

ಹುಟ್ಟಿದಾಗಿನಿಂದ ಕೋಳಿಯ ರುಚಿ ಕಾಣದವನಿಗೆ ತಿಳಿಯುವುದಾದರೂ ಹೇಗೆ? 'ಬೋ ರುಚಿಯಾಗೈತೆ. ನಿಮ್ಮವ್ವ ಕಲಿಸಿದ್ಲಾ?' ಎಂದು ಇನ್ನೊಮ್ಮೆ ಹಾಕಿಸಿಕೊಂಡ. ಆಗ ಹಿಂದಿನಿಂದ ಯಾರೋ ಹುಂಜದ ಹಾಗೆ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಿಲಾರಿ ಅವರತ್ತ ತಿರುಗಲಿಲ್ಲ, ನನ್ನನ್ನೇ ನೋಡಿದ.

'ಸೌಟು ಬೇರೆ ಅಂದ್ಯಲ್ಲಪ್ಪ.'

'ಸೌಟು ಬೇರೆನೇ. ಸಾರು ಮಾತ್ರ ಒಂದೇ' ಎಂದೆ. ಆ ಮಾತು ಹೊಳೆದದ್ದಕ್ಕೆ ನನಗೆ ಹೆಮ್ಮೆಯೂ ಆಗಿತ್ತು.

ಅವನು ಗಂಟಲಿಗೆ ಬೆರಳಿಟ್ಟು ಕಕ್ಕಿದ. ಒಳಗೆ ಏನೂ ಉಳಿಯದಾದ ಮೇಲೂ ಬಿಡಲಿಲ್ಲ. ನಮ್ಮ ನಗು ಯಾವಾಗ ನಿಂತಿತೋ ನೆನಪಿಲ್ಲ...

ಮರುದಿನ ನಮ್ಮನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಇಪ್ಪತ್ತು ಮಾರು ಮುಂದೆ ನಡೆಯುತ್ತ ರೊಪ್ಪದವರೆಗೆ ಕರೆತಂದ. ಅವನನ್ನು ಕಂಡು ಒಂದು ಎತ್ತು ಬೇಲಿಯ ಮೇಲೆ ಕತ್ತು ಚಾಚಿತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನಾವು ಯಾರಿಗೂ ಹೇಳುವುದಿಲ್ಲ ಎಂದೆ. 'ನಂಗೆ ಗೊತ್ತೈತಲ್ಲಪ್ಪ' ಎಂದವನೇ ತಮ್ಮನನ್ನು ಹೊರಗೆ ಕರೆದು, ನಡೆದದ್ದನ್ನು ಹೇಳಿ ಎತ್ತು ಕಾಯುವ ಕೋಲನ್ನು ಅವನಿಗೇ ಕೊಟ್ಟುಬಿಟ್ಟ.

ತಿಂಗಳಾದ ಮೇಲೆ ಕಿಲಾರಿ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದ. 'ಸೋಮವಾರ ಹಿರೇರು ಕೂರ್ತಾರೆ. ತಿಳೀದೆ ಉಂಡ ಅಂತ ನೀನೊಂದು ಮಾತು ಹೇಳಿದ್ರೆ ಶುದ್ಧ ಮಾಡಿ ಒಳಗೆ ಬಿಡ್ತಾರೆ. ನಿನ್ನ ಯಾರೂ ಹೊಡಿಯಲ್ಲ, ನಾನಿರ್ತೀನಿ. ಬರ್ತೀಯಾ?' ಎಂದ.

ಬರ್ತೀನಿ ಎಂದೆ. ಸೋಮವಾರ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹಿಂದಿರುಗಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ರೂಮಿನಲ್ಲಿ ಇಸ್ಪೀಟು ಆಡುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಮುಂದೆ ಅವನನ್ನು ಕಂಡೆ. ಶೇಂಗಾ ಹಿಂಡಿಯ ಚೀಲ ಹೊತ್ತು ಲಾರಿಗೆ ಹಾಕುತ್ತಿದ್ದ. ಅವನು ನನ್ನನ್ನು ಗುರುತಿಸಿದ. ನಾನು ಸ್ಕೂಟರ್ ತಿರುಗಿಸಿದೆ.

ಹೋದ ವರ್ಷ ಕೊನೆಗೂ ಆ ರೊಪ್ಪ ಹುಡುಕಿಕೊಂಡು ಹೋದೆ. ತಮ್ಮನೇ ಕಿಲಾರಿ, ಮುದುಕನಾಗಿದ್ದ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ. ಬೇಲಿಯ ಹೊರಗೆ ನಿಂತು ಎಲ್ಲವನ್ನೂ ಹೇಳಿದೆ. ನಿಮ್ಮಣ್ಣನದು ತಪ್ಪಿರಲಿಲ್ಲ, ತಿಳಿಯದೆ ಉಂಡ, ಮೋಸ ಮಾಡಿ ಬಡಿಸಿದವನು ನಾನು...

ಅವನಿಗೆ ಅಚ್ಚರಿಯೇನೂ ಆಗಲಿಲ್ಲ. 'ಗೊತ್ತೈತೆ. ಅವತ್ತೇ ಎಲ್ರಿಗೂ ಗೊತ್ತಿತ್ತು, ನಮ್ಮಣ್ಣ ಸುಳ್ಳಾಡೋನಲ್ಲ. ಆದ್ರೆ ಬಡಿಸಿದೋನ ಬಾಯಿಂದ್ಲೇ ಬರ್ಬೇಕು ಅನ್ನೋದು ನಮ್ಮ ಕಟ್ಲೆ. ಹಿರೇರು ಮೂರು ಸೋಮವಾರ ಕೂತ್ರು. ಮೂರು ಸಲಾನೂ ಅಣ್ಣ ಬೆಳಗ್ಗಿಂದ ರಸ್ತೇಲಿ ನಿಂತು ಒಂದೊಂದು ಬಸ್ಸೂ ನೋಡಿದ.'

ಎತ್ತುಗಳಿಗೆ ನೀರು ಬಿಡಬೇಕು ಎಂದು ಅವನು ಒಳಗೆ ಹೋದ. ನಾನು ಹೊತ್ತು ತಂದ ಮಾತನ್ನು ಕೇಳಬೇಕಾಗಿದ್ದ ಹಿರಿಯರು ಈಗಿಲ್ಲ, ಅದು ಬೇಕಾಗಿದ್ದವನೂ ಇಲ್ಲ. ರಸ್ತೆಗೆ ಬಂದು ಚಳ್ಳಕೆರೆಯ ಬಸ್ಸಿಗೆ ಕಾಯುತ್ತ ನಿಂತೆ. ಆ ಊರಿಗೆ ದಿನಕ್ಕೆ ನಾಲ್ಕು ಬಸ್ಸು. ಆಗಲೂ ನಾಲ್ಕಿದ್ದವು.