ಸುಳ್ಳುಬುರುಕ ಥರ್ಮಾಮೀಟರುಗಳು

ಗುಡ್ಡದ ಮೇಲಿನ ಆ ಶಾಲೆಯಲ್ಲಿ ಮಕ್ಕಳು ಆಕೆಯನ್ನು ಕರೆಯುತ್ತಿದ್ದದ್ದು ಸ್ಟೌ ಮಿಸ್ ಎಂದೇ. ವಿಜ್ಞಾನದ ಪಾಠಕ್ಕೆ ಪುಸ್ತಕ ಇರಲಿ ಬಿಡಲಿ, ಕೈಯಲ್ಲಿ ಸೀಮೆಎಣ್ಣೆ ಸ್ಟೌ ಇರಲೇಬೇಕು. ತನಗೆ ಜ್ವರ ಬಂದರೂ ಸಿಗದ ಥರ್ಮಾಮೀಟರು ಚಹದ ನೀರಿಗೆ ಸಿಗುತ್ತದೆ ಎಂದು ಆಕೆಯ ಗಂಡ ತನ್ನ ಭಾವಮೈದುನನ ಮುಂದೆ ಗೊಣಗುತ್ತಿದ್ದ. ಸುಳ್ಳೇನಲ್ಲ.

ಶಾಲೆಗೊಂದು ಹಳೇ ರೋಗವಿತ್ತು. ಪುಸ್ತಕದಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಶಾಲೆಯಲ್ಲಿ ತೊಂಬತ್ತಾರಕ್ಕೇ ಕೊತಕೊತ ಎನ್ನುತ್ತಿತ್ತು, ಪಾದರಸ ಕಾಲು ಮಡಚಿ ಅಲ್ಲೇ ಕೂತುಬಿಡುತ್ತಿತ್ತು. ಥರ್ಮಾಮೀಟರೇ ಕೆಟ್ಟಿದೆಯೆಂದು ಹೆಡ್‌ಮಾಸ್ಟರು ಅದನ್ನು ಕಪಾಟಿಗೆ ತಳ್ಳಿ ಹೊಸದು ತರಿಸುವರು; ಅದೂ ತೊಂಬತ್ತಾರೇ. ಕಪಾಟಿನ ತುಂಬ ಕೆಟ್ಟವೇ. ಮಕ್ಕಳೋ ಜಾಣರು, ಗಾಜಿನತ್ತ ಕತ್ತೆತ್ತಿಯೂ ನೋಡದೆ ನೂರು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು.

ಸ್ಟೌ ಮಿಸ್ ಬಂದಳು, ಆ ಆಟ ನಿಂತಿತು. ಕಣ್ಣಿಗೆ ಕಂಡದ್ದನ್ನೇ ಬರೆಯಬೇಕೆಂದು ಹಟ ಹಿಡಿದಳು. ಇಡೀ ತರಗತಿ ತೊಂಬತ್ತಾರು ಎಂದು ಬರೆಯಿತು. ಹೆಡ್‌ಮಾಸ್ಟರು ಕೆಂಡವಾದರು. ನಾಳೆ ತಪಾಸಣೆಯವರು ಬರುವ ಮುಂಚೆ ಅದನ್ನೆಲ್ಲ ತಿದ್ದಿಸಬೇಕು, ಇಲ್ಲವಾದರೆ ವಿಜ್ಞಾನದ ಪಾಠ ಆಕೆಗಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.

ಆಕೆ ಕಪಾಟಿನಿಂದ ಮೂರು ಥರ್ಮಾಮೀಟರು ತಂದು, ಮಕ್ಕಳೆದುರೇ ಕರಗುವ ಮಂಜುಗಡ್ಡೆಯಲ್ಲಿ ನಿಲ್ಲಿಸಿದಳು. ಮೂರೂ ಸರಿಯಾಗಿ ಸೊನ್ನೆಗೆ ಇಳಿದವು. ಆಮೇಲೆ ಕುದಿಯುವ ನೀರಿಗೆ. ಮೂರೂ ತೊಂಬತ್ತಾರು.

“ಮೂರೂ ಸೇರ್ಕೊಂಡು ಒಂದೇ ಸುಳ್ಳು ಹೇಳ್ತಾವೆ ಅಂತೀರಾ ಸಾರ್?” ಎಂದಳು. “ನಾವಿರೋದು ಎತ್ತರದಲ್ಲಿ. ಇಲ್ಲಿ ಗಾಳಿ ತೆಳು, ನೀರನ್ನ ಅದುಮೋ ಒತ್ತಡ ಕಮ್ಮಿ. ಅದಕ್ಕೇ ಬೇಗ ಕುದಿಯುತ್ತೆ. ನೂರು ಅನ್ನೋದು ಸಮುದ್ರದ ದಡದ ಲೆಕ್ಕ.”

“ಪರೀಕ್ಷೇಲಿ ಗುಡ್ಡ ಕೇಳಲ್ಲಮ್ಮ, ನೂರು ಕೇಳ್ತಾರೆ,” ಎಂದರು ಹೆಡ್‌ಮಾಸ್ಟರು. “ತಿದ್ಸಿ.”

“ದಡದಲ್ಲಿ ನೂರು, ಇಲ್ಲಿ ತೊಂಬತ್ತಾರು. ಎರಡೂ ಬರೀತಾರೆ. ಕಂಡದ್ದನ್ನ ಮಾತ್ರ ನಾನು ಅಳಿಸೋಲ್ಲ.”

ಹೆಡ್‌ಮಾಸ್ಟರು ಆಡಿದಂತೆ ಮಾಡಿದರು. ಬೆಳಗಾಗುತ್ತಲೇ ವಿಜ್ಞಾನ ಡ್ರಿಲ್ ಮಾಸ್ತರರ ಪಾಲಾಯಿತು. ಆಕೆಗೆ ಪಕ್ಕದ ಕೋಣೆಯಲ್ಲಿ ಚಿಕ್ಕವರ ಅಕ್ಷರ ತಿದ್ದಿಸುವ ಕೆಲಸ. ಆಕೆ ಹೋಗುವಾಗ ಹೆಡ್‌ಮಾಸ್ಟರು ಸ್ಟೌ ಕೇಳಿದರು. ಕೊಡಲಿಲ್ಲ, ಹೊತ್ತೊಯ್ದು ತನ್ನ ಮೇಜಿನ ಮೇಲೇ ಇಟ್ಟುಕೊಂಡಳು.

ಮಧ್ಯಾಹ್ನ ಗೋಡೆಯಾಚೆಯಿಂದ, ತಪಾಸಣೆಯವರ ಮುಂದೆ ಡ್ರಿಲ್ ಮಾಸ್ತರರು ಪೆರೇಡಿನ ದನಿಯಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಕೇಳಿದ್ದು ಕಿವಿಗೆ ಬಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳ ದನಿ:

“ಎಲ್ಲಿ, ಸಾರ್?”

ಸ್ಟೌ ಮಿಸ್ ಸೀಮೆಸುಣ್ಣ ಕೆಳಗಿಟ್ಟು, ಚಿಕ್ಕವರನ್ನು ಹತ್ತಿರ ಕರೆದು, ಸ್ಟೌವಿಗೆ ಗಾಳಿ ಹಾಕತೊಡಗಿದಳು.