ಪ್ರೇಮರಾಜನ್ ಕಿವಿಗೇರಿಸದ ಹಲಸಿನೆಲೆ

ಪವಿತ್ರನಿಗೆ ತನ್ನ ಕಾಯಿಲೆಯ ಮೇಲೆ ಸಿಟ್ಟಿಲ್ಲ. ಹೇಳದೆ ಕೇಳದೆ ಬಂದದ್ದು ಅದು. ಮೊದಲು ಬಲಗೈಯ ಹೆಬ್ಬೆರಳಲ್ಲಿ ಕೂತಿತು, ವರ್ಷ ತುಂಬುವುದರೊಳಗೆ ಇಡೀ ತೋಳೇ ತನ್ನದೆಂದಿತು. ನಡುಕದ ರೋಗ. ಅದಕ್ಕೆ ಬೈದು ಪ್ರಯೋಜನವಿಲ್ಲ, ಕಿವಿಯಿಲ್ಲದ ಪ್ರಾಣಿ. ಅವನ ಸಿಟ್ಟೆಲ್ಲ ಎರಡು ಕಿವಿಯಿರುವ ಪ್ರೇಮರಾಜನ ಮೇಲೆ. ಪ್ರೇಮರಾಜನ್ ಅಂದರೆ ಹೆಂಡತಿಯ ತಮ್ಮ, ಆಟೋ ಓಡಿಸುವವನು. ನಾಲ್ಕು ವರ್ಷವಾಯಿತು, ಆ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ.

ಆದದ್ದು ಇಷ್ಟು. ಒಂದು ಭಾನುವಾರ ಮಧ್ಯಾಹ್ನ ವಾಚನಾಲಯದ ಜಗಲಿಯಲ್ಲಿ ಇಪ್ಪತ್ತೆಂಟು ನಡೆಯುತ್ತಿತ್ತು. ಆ ಇಸ್ಪೀಟಾಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಮೂರು ಅಂಕ. ಅವನ ಹಿಂದೆ ಒಂಬತ್ತು, ಎರಡು ಅಂಕ. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಸೊನ್ನೆ. ಎಷ್ಟು ಅಂಕ ಗಳಿಸುತ್ತೇವೆಂದು ಮೊದಲೇ ಕೂಗಬೇಕು. ಬೀದಿಗೆರಡು ಕೆಂಪು ಬಾವುಟ ಹಾರುವ ಊರಿಗೆ ಒಪ್ಪುವ ಆಟ. ಪವಿತ್ರನ ಕೈಗೆ ಕಳಾವರದ ಗುಲಾಮ ಬಂದಿದ್ದ. ಬಂದ ಸಂತೋಷವನ್ನು ಮುಖದಲ್ಲಿ ತೋರಿಸದೆ, ಹೆಣದ ಹಾಗೆ ಮುಖ ಬಿಗಿದು ಕೂತಿದ್ದ. ಅಷ್ಟರಲ್ಲಿ ಪ್ರೇಮರಾಜನ್ ತನ್ನ ಎಲೆಗಳನ್ನು ಕೆಳಗಿಟ್ಟು ನಗತೊಡಗಿದ.

"ಯಾರೂ ಮೇಲೆ ಕೂಗ್ಬೇಡಿ. ಭಾವನ ಹತ್ರ ಗುಲಾಮ ಉಂಟು."

"ನಿನಗೆ ಹೇಗೆ ಗೊತ್ತು?" ಎಂದ ಪವಿತ್ರನ್.

"ಮುಖ ಎಂತಕ್ಕೆ ನೋಡುದು? ಕೈ ನೋಡಿದ್ರೆ ಸಾಕಲ್ಲ! ಏಳೋ ಎಂಟೋ ಬಂದ್ರೆ ಮೆಲ್ಲ ನಡುಗುದು. ಗುಲಾಮ ಬಂದ್ರೆ ಹೊಲಿಗೆ ಮಿಶನು. ಆರು ತಿಂಗಳಿಂದ ನೋಡ್ತಾ ಇದ್ದೇನೆ."

ಆರು ತಿಂಗಳು! ಆರು ತಿಂಗಳು ಬಾಯಿ ಮುಚ್ಚಿಕೊಂಡು ಭಾವನ ಕೈ ಓದಿ ಗೆದ್ದಿದ್ದಾನೆ. ಗೆದ್ದು ಗೆದ್ದು ಬೇಜಾರಾದ ಮೇಲೆ ಊರಿಗೆಲ್ಲ ಹಂಚಿದ್ದಾನೆ. ಅಂದು ಪವಿತ್ರನ್ ಎಲೆಗಳನ್ನು ಪ್ರೇಮರಾಜನ ಮುಖಕ್ಕೆ ಎಸೆದ. ಗುಲಾಮ ಹೋಗಿ ಪ್ರೇಮರಾಜನ ಚಹಾ ಲೋಟದಲ್ಲಿ ಬಿದ್ದ.

ಇಪ್ಪತ್ತೇಳು ವರ್ಷ ಪಯ್ಯನ್ನೂರು–ಚೆರುಪುಳ ದಾರಿಯಲ್ಲಿ 'ಪೌರ್ಣಮಿ' ಬಸ್ಸು ಓಡಿಸಿದವನು ಪವಿತ್ರನ್. ಹಾರ್ನು ಮತ್ತು ಬಾಯಿ, ಎರಡರಲ್ಲಿ ಯಾವುದು ಮೊದಲು ಮೊಳಗುತ್ತದೆಂದು ಎದುರಿಗೆ ಬರುವವರಿಗೆ ತಿಳಿಯುತ್ತಿರಲಿಲ್ಲ. ಕೈ ಸ್ಟಿಯರಿಂಗಿನ ಮಾತು ಕೇಳದಾದಾಗ ಯಾರೂ ಹೇಳುವ ಮೊದಲೇ ಕೀಲಿಕೈ ತಂದು ಮಾಲಕನ ಮೇಜಿನ ಮೇಲಿಟ್ಟ. ಆ ಸೀಟು ಹೋದ ಮೇಲೆ ಊರಲ್ಲಿ ಅವನದು ಎನ್ನುವ ಜಾಗ ಒಂದೇ ಉಳಿದಿತ್ತು: ವಾಚನಾಲಯದ ಜಗಲಿಯಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು ಕೂರುವ ಬೆಂಚಿನ ತುದಿ. ಈಗ ಅದಕ್ಕೂ ಸಂಚಕಾರ ಬಂತು.

ಮರುವಾರವೇ ಜೊತೆಗಾರ ಚಂದುಕುಟ್ಟಿ ಕೈಕೊಟ್ಟ. ಚಹಾದಂಗಡಿಯವನು, ಹದಿನೆಂಟು ವರ್ಷ ಎದುರು ಕೂತು ಆಡಿದವನು.

"ಬೇಜಾರು ಮಾಡ್ಬೇಡ ಪವಿತ್ರಾ. ನಿನ್ನ ಕೈ ಮೈಕು. ಮೈಕಿನ ಜೊತೆ ಸೇರಿ ಗುಟ್ಟಿನ ಆಟ ಆಡುದು ಹೇಗೆ ಮಾರಾಯ?"

ಹೀಗೆ ಹೇಳಿ ನೇರ ಹೋಗಿ ಪ್ರೇಮರಾಜನ ಜೋಡಿಯಾದ. ಓಣಂ ಹತ್ತಿರ ಬಂದಾಗ ವಾಚನಾಲಯದ ಕಾರ್ಯದರ್ಶಿ ದಿನೇಶನ್ ಮನೆಗೇ ಬಂದ. ಊರಿನ ಕಿರಿಯರಿಗೂ ಹೆಂಡತಿಗೂ ಪವಿತ್ರನ್ 'ಏಟ್ಟ', ಅಂದರೆ ಅಣ್ಣ.

"ಪವಿತ್ರೇಟ್ಟಾ, ಈ ವರ್ಷ ಇಪ್ಪತ್ತೆಂಟರ ಪಂದ್ಯ ನೀವು ಉದ್ಘಾಟನೆ ಮಾಡ್ಬೇಕು. ಸ್ಟೇಜಲ್ಲಿ ಕುರ್ಚಿ ಉಂಟು. ಶಾಲು ಹೊದಿಸ್ತೇವೆ."

"ಹೊದಿಸುದು ಹೆಣಕ್ಕೆ. ನನಗೆ ಬೆಂಚು ಕೊಡು."

"ಜೋಡಿ ಇಲ್ದೆ ಬೆಂಚು ಕೊಡ್ಲಿಕ್ಕೆ ಆಗುದಿಲ್ಲಲ್ಲ ಏಟ್ಟಾ."

ಬೈಸಿಕೊಂಡು ದಿನೇಶನ್ ಹೋದ. ಪವಿತ್ರನ್ ಸಿಟ್ಟಿನಿಂದ ಎದ್ದು ಒಳಗೆ ನಡೆದ. ಅಡಿಗೆಮನೆಯ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿತು. ಈ ಕಾಯಿಲೆಯ ಇನ್ನೊಂದು ಚಂದ ಅದು. ಮಾತ್ರೆಯ ಬಲ ಇಳಿಯುವ ಹೊತ್ತಿಗೆ, ಹೊಸ್ತಿಲೋ ತಿರುವೋ ಸಿಕ್ಕಿದರೆ ಮನುಷ್ಯ ಕಲ್ಲಾಗುತ್ತಾನೆ. ತಳ್ಳಿದರೆ ಬೀಳುತ್ತಾನೆ, ಎಳೆದರೆ ಬೈಯುತ್ತಾನೆ. ಮಂಗಳೂರಿನ ನರದ ಡಾಕ್ಟರು ಒಂದು ಎರಡು ಎಣಿಸಿ ಹೆಜ್ಜೆ ಹಾಕಿ ಎಂದಿದ್ದರು. ಎಣಿಸುತ್ತ ಹೋದರೆ ಐವತ್ತಾದರೂ ಕಾಲೇಳುತ್ತಿರಲಿಲ್ಲ. ಮದ್ದು ಕಂಡುಹಿಡಿದವಳು ಹೆಂಡತಿ ರೋಹಿಣಿ. ಮೀನು ಹುರಿಯುತ್ತಿದ್ದವಳು ತಿರುಗಿಯೂ ನೋಡದೆ ಸಟ್ಟುಗದಿಂದ ಕಾವಲಿಗೆ ಎರಡು ಬಾರಿಸಿದಳು: ಟಣ್ ಟಣ್.

ಕಾಲು ಎದ್ದಿತು.

ಡಬಲ್ ಬೆಲ್ಲು. ಕಂಡಕ್ಟರ್ ಒಮ್ಮೆ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಇಪ್ಪತ್ತೇಳು ವರ್ಷ ಆ ಕಾಲು ಕೇಳಿದ್ದು ಅದೊಂದೇ ಮಾತು. ಮೆದುಳು ಹೇಳಿದರೆ ಕೇಳದ ಕಾಲು ಸಟ್ಟುಗ ಹೇಳಿದರೆ ಕೇಳುತ್ತದೆ. ಇದರ ಕೆಟ್ಟ ಬದಿಯೂ ಇದೆ: ಪಕ್ಕದ ಮನೆಯವರು ತೆಂಗಿನಕಾಯಿ ಒಡೆಯುವಾಗ ಒಂದೇ ಪೆಟ್ಟು ಕೇಳಿದರೆ ಪವಿತ್ರನ್ ಅಂಗಳದ ಮಧ್ಯೆ ಬ್ರೇಕು ಹಾಕಿದ ಹಾಗೆ ನಿಂತುಬಿಡುತ್ತಾನೆ.

"ಎಂತ ಹೇಳಿದ ದಿನೇಶ?" ಎಂದಳು ರೋಹಿಣಿ.

"ಜೋಡಿ ಇಲ್ವಂತೆ ನನಗೆ. ಆ ಮೀನು ಇತ್ತ ಕೊಡು."

"ಮಾತ್ರೆ ತಿಂದು ಹತ್ತು ನಿಮಿಷ ಆಗ್ಲಿಲ್ಲ. ಒಂದು ಗಂಟೆ ಮೀನು ಮುಟ್ಟುವ ಹಾಗಿಲ್ಲ, ಮದ್ದು ಹತ್ತುದಿಲ್ಲ."

"ಬೂತಾಯಿ ಮೀನು ಬಿಟ್ಟು ನೂರು ವರ್ಷ ಬದುಕು ಅಂತ ಹೇಳುವ ಡಾಕ್ಟ್ರು ಅವನೊಬ್ಬನೇ."

"ಜೋಡಿಗೆ ನಾನು ಕೂತ್ಕೊಳ್ತೇನೆ."

ಪವಿತ್ರನ್ ನಕ್ಕ. ರೋಹಿಣಿ ನಗಲಿಲ್ಲ.

"ನಗುದು ಎಂತಕ್ಕೆ? ಪ್ರೇಮನಿಗೆ ಇಪ್ಪತ್ತೆಂಟು ಕಲಿಸಿದ್ದು ಯಾರು ಅಂತ ಗೊತ್ತುಂಟಾ? ಸಿಂಬಳ ಒರಸ್ಲಿಕ್ಕೆ ಬಾರದವನಿಗೆ ತುರುಪು ಅಡಗಿಸ್ಲಿಕ್ಕೆ ಹೇಳಿಕೊಟ್ಟದ್ದು ನಾನು. ಮೂವತ್ತು ವರ್ಷ ದಿನಕ್ಕೆ ಎಂಟುನೂರು ಬೀಡಿ ಕಟ್ಟಿದ ಬೆರಳು ಇದು. ಎಂಟು ಎಲೆ ಹಿಡೀಲಿಕ್ಕೆ ಆಗುದಿಲ್ವಾ?"

ಹೆಸರು ಬರೆಸಲು ಹೋದಾಗ ದಿನೇಶನ್ ತಲೆ ಕೆರೆದುಕೊಂಡ. ಹೆಂಗಸರು ಸ್ತ್ರೀಸಮಾನತೆಯ ಭಾಷಣಕ್ಕೆ ಬಂದದ್ದುಂಟು, ಇಸ್ಪೀಟಿಗೆ ಬಂದದ್ದಿಲ್ಲ.

"ನಿಯಮದಲ್ಲಿ ಎಂತ ಬರ್ದದ್ದು? ಇಬ್ಬರ ಜೋಡಿ ಅಂತ ಅಲ್ವಾ?" ಎಂದಳು ರೋಹಿಣಿ. "ನಾವು ಮೂವತ್ತೊಂದು ವರ್ಷದಿಂದ ಜೋಡಿ. ಬರಿ."

ಪಂದ್ಯದ ದಿನ ರೋಹಿಣಿ ಬಟ್ಟೆ ತಿಕ್ಕುವ ಹೊಸ ಬ್ರಶ್ಶೊಂದನ್ನು ತಂದು ಪವಿತ್ರನ ಮುಂದೆ ಕೂದಲು ಮೇಲೆ ಮಾಡಿ ಇಟ್ಟಳು. ಎಲೆಗಳನ್ನು ಅದರ ಕೂದಲಿಗೆ ಸಿಕ್ಕಿಸಿದರೆ ನೆಟ್ಟಗೆ ನಿಲ್ಲುತ್ತವೆ, ಬೀಳುವುದಿಲ್ಲ. ಆದರೆ ಬಿಡುವಾದ ಕೈ ಬೆಂಚಿನ ಮೇಲೆ ಕುಣಿಯುವುದನ್ನು ಯಾವ ಬ್ರಶ್ಶು ತಡೆದೀತು? ಮೊದಲ ಆಟಕ್ಕೆ ಎದುರು ಕೂತವರು ಎಲೆ ನೋಡುವುದಕ್ಕಿಂತ ಆ ಕೈಯನ್ನೇ ನೋಡುತ್ತಿದ್ದರು. ಪವಿತ್ರನ ಬ್ರಶ್ಶಿನಲ್ಲಿದ್ದದ್ದು ಏಳು, ಎಂಟು ಮತ್ತು ಕೆಲಸವಿಲ್ಲದ ರಾಜರು. ಕೈ ಮೆಲ್ಲನೆ ಆಡುತ್ತಿತ್ತು.

ಆಗ ರೋಹಿಣಿ ಎಲೆಯಿಂದ ಕಣ್ಣೆತ್ತದೆ ಹೇಳಿದಳು: "ಬೇಗ ಕೂಗಿ ಏಟ್ಟಾ. ಪೆರಿಂಗೋಮಿನ ತಿರುವಲ್ಲಿ ಬಸ್ಸನ್ನು ಗದ್ದೆಗೆ ಇಳಿಸುವಾಗ ಇಷ್ಟು ಯೋಚನೆ ಮಾಡ್ಲಿಲ್ಲ ನೀವು."

"ಅದು ಬ್ರೇಕು ಹೋದದ್ದು!"

"ಬ್ರೇಕಿಗೆ ನಾಲಗೆ ಇಲ್ಲ, ಹಾಗಾಗಿ ನೀವು ಹೇಳಿದ್ದೇ ನಿಜ."

ಪವಿತ್ರನ ಕೈ ಬೆಂಚಿನ ಮೇಲೆ ಚೆಂಡೆ ಬಾರಿಸಿತು. ಗುಲಾಮ ಬಂದಿದ್ದಾನೆ ಎಂದು ಎದುರಿನವರು ಹಿಂಜರಿದರು. ಮುಂದಿನ ಸಲ ನಿಜವಾಗಿ ಗುಲಾಮ ಬಂದ; ರೋಹಿಣಿ ಅತ್ತೆಯ ಮೀನುಸಾರಿನ ವಿಷಯ ತೆಗೆದಳು. ಅದರ ಮುಂದಿನ ಸಲ, ಮದುವೆಯ ದಿನ ಪವಿತ್ರನ ಕಡೆಯವರು ಪಾಯಸಕ್ಕೆ ಜಗಳವಾಡಿದ ಕತೆ. ಪ್ರತಿ ಆಟದಲ್ಲೂ ಕೈ ಒಂದೇ ವೇಗದಲ್ಲಿ ಓಡುತ್ತಿತ್ತು. ಯಾವಾಗಲೂ ಓಡುವ ಮಿಶನಿನಿಂದ ಯಾರಿಗೆ ಏನು ತಿಳಿಯಬೇಕು? ಮೂರು ಜೋಡಿಗಳು ಹೀಗೆ ಉದುರಿದವು.

ಊಟದ ಬಿಡುವಿನಲ್ಲಿ ಪವಿತ್ರನ್ ಹಲ್ಲು ಕಡಿದ. "ನಾಲ್ಕು ಜನರ ಎದುರು ನನ್ನ ಅಮ್ಮನ ಸಾರಿನ ಮಾತು ಯಾಕೆ?"

"ಗೆದ್ದದ್ದು ಹೇಗೆ ಅಂತ ತಿಳೀಲಿಲ್ವಾ ಇನ್ನೂ?"

ತಿಳಿಯಲು ಅವನಿಗೆ ಅರ್ಧ ಹಪ್ಪಳ ತಿನ್ನುವಷ್ಟು ಹೊತ್ತು ಹಿಡಿಯಿತು. "ಮೊದಲೇ ಹೇಳಿದ್ರೆ ನಾನೇ ನಡುಗ್ತಿರ್ಲಿಲ್ವಾ?"

"ನಿಮಗೆ ನಾಟಕ ಬರುದಿಲ್ಲ. ಸಿಟ್ಟು ಬರ್ತದೆ. ಬರುದನ್ನು ಮಾಡಿಸಿದೆ."

"ಮತ್ತೆ ಸಾರಿನ ಮಾತು, ಸುಮ್ಮನೆ ಹೇಳಿದ್ದಲ್ವಾ?"

"ಅದು ಸುಮ್ಮನೆ ಅಲ್ಲ," ಎಂದಳು ರೋಹಿಣಿ, ಪಾಯಸಕ್ಕೆ ಬಾಳೆಹಣ್ಣು ಹಿಸುಕುತ್ತ.

ಕೊನೆಯ ಆಟಕ್ಕೆ ಎದುರು ಬಂದವರು ಪ್ರೇಮರಾಜನ್ ಮತ್ತು ಚಂದುಕುಟ್ಟಿ. ಗೆದ್ದವರಿಗೆ ಒಂದು ನೇಂದ್ರ ಬಾಳೆಗೊನೆ. ಸೋತವರಿಗೆ ಕುಣುಕು: ಹಲಸಿನೆಲೆಯನ್ನು ಓಲೆಯ ಹಾಗೆ ಕಿವಿಗೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನ ತನಕ ಹೋಗಿ ಬರಬೇಕು. ಊರಲ್ಲಿ ಅದನ್ನು ಹಾಕಿಕೊಳ್ಳದ ಗಂಡಸಿಲ್ಲ. ಪಂಚಾಯತಿ ಮೆಂಬರೂ ಹಾಕಿದ್ದಾನೆ, ಹೆಡ್‌ಮಾಸ್ಟರೂ ಹಾಕಿದ್ದಾರೆ. ಪ್ರೇಮರಾಜನ್ ಬರುವಾಗಲೇ ಅಂಗೈ ಅಗಲದ ಎಲೆ ಹಿಡಿದು ಬಂದಿದ್ದ.

"ಭಾವಾ, ನಿಮ್ಮ ಕಿವಿಯ ಅಳತೆಗೇ ಕೊಯ್ದದ್ದು."

ಆಟ ಸಮಸಮವಾಗಿ ಎಳೆಯಿತು. ನಾಲ್ಕು ಗಂಟೆಗೆ ರೋಹಿಣಿಯ ಫೋನು ಕಿರುಚಿತು: ಮಾತ್ರೆಯ ಹೊತ್ತು. ಪವಿತ್ರನ್ ಮಾತ್ರೆ ನುಂಗಿದ, ಆದರೆ ಅದು ಹತ್ತಲು ಅರ್ಧ ಗಂಟೆ ಬೇಕು. ಪ್ರೇಮರಾಜನಿಗೂ ಅದು ಗೊತ್ತು, ಡಾಕ್ಟರ ಹತ್ತಿರ ಕರೆದೊಯ್ಯುವವನು ಅವನೇ. ಮೂರು ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗುವಾಗ ಜಗಳ, ಬರುವಾಗ ಅದರ ಉಳಿಕೆ.

ಕೊನೆಯ ಸುತ್ತಿನಲ್ಲಿ ಪವಿತ್ರನ್ ಇಪ್ಪತ್ತಕ್ಕೆ ಕೂಗಿದ. ಎಂಟರಲ್ಲಿ ಆರು ಪಟ್ಟು ಮುಗಿದಾಗ ಹದಿನಾರು ಅಂಕ ಬಂದಿತ್ತು, ನಾಲ್ಕು ಬೇಕಿತ್ತು. ಎಲೆ ಇಳಿಸುವ ಸರದಿ ಅವನದೇ. ಬ್ರಶ್ಶಿನಲ್ಲಿ ಎರಡೇ ಎಲೆ: ಮೊದಲು ಡೈಮನಿನ ಎಂಟು, ಅದರ ಪಕ್ಕ ಕಳಾವರದ ಒಂಬತ್ತು. ಕಳಾವರದ ಗುಲಾಮ ಆಗಲೇ ಹೋಗಿದ್ದ. ಒಂಬತ್ತು ಬಿದ್ದರೆ ಗೆಲುವು, ಎಂಟು ಬಿದ್ದರೆ ಕಿವಿಗೆ ಸೊಪ್ಪು. ಪವಿತ್ರನಿಗೆ ಇದೆಲ್ಲ ಅಂಗೈಗೆರೆಯ ಹಾಗೆ ಸ್ಪಷ್ಟವಾಗಿತ್ತು. ಕೈ ಎತ್ತಿದ.

ಕೈ ಗಾಳಿಯಲ್ಲಿ ನಿಂತಿತು.

ನಡುಕವೂ ನಿಂತಿತು. ಬೆಂಚಿನ ಸುತ್ತ ಇದ್ದ ಮೂವತ್ತು ಜನ ಕತ್ತು ಚಾಚಿದರು. ಪವಿತ್ರನ ಕಣ್ಣು ಮಾತ್ರ ಆಡುತ್ತಿತ್ತು, ಉಳಿದದ್ದು ಕಲ್ಲು. ಒಳಗಿನಿಂದ ಅವನು ಆ ಕೈಗೆ ಬೈದ ಬೈಗುಳಕ್ಕೆ ಮಿತಿಯಿಲ್ಲ. ದಿನೇಶನ್ ಗಡಿಯಾರ ನೋಡಿದ. ಚಂದುಕುಟ್ಟಿ ತಲೆ ತಗ್ಗಿಸಿದ. ಆಗ ಪ್ರೇಮರಾಜನ್ ಮುಂದೆ ಬಾಗಿ, ನಗು ಬಿಟ್ಟು, ಮೆತ್ತಗೆ ಕೇಳಿದ:

"ಭಾವಾ, ಯಾವ ಎಲೆ ಅಂತ ಕಣ್ಣಲ್ಲಿ ತೋರ್ಸಿ. ನಾನು ಹಾಕಿಕೊಡ್ತೇನೆ."

ಹೊಲಿಗೆ ಮಿಶನು ಎಂದದ್ದನ್ನು ಒಂದು ದಿನ ಮರೆತಾನು, ಈ ಮೆತ್ತಗಿನ ದನಿಯನ್ನು ಪವಿತ್ರನ್ ಮರೆಯಲಾರ. ಆ ಎಲೆಯನ್ನು ಬೇರೆಯವರು ಎತ್ತಿದರೆ ನಾಳೆಯಿಂದ ಬೆಂಚಿಲ್ಲ. ಶಾಲು, ಕುರ್ಚಿ, ಉದ್ಘಾಟನೆ.

"ಎಲೆ ಮುಟ್ಟಿದ್ರೆ ಕೈ ಮುರೀತೇನೆ ಪ್ರೇಮಾ," ಎಂದಳು ರೋಹಿಣಿ. ಚಹಾದ ಖಾಲಿ ಸ್ಟೀಲು ಲೋಟ ಎತ್ತಿ ಬೆಂಚಿನ ಕಬ್ಬಿಣದ ಕಾಲಿಗೆ ಎರಡು ಬಾರಿಸಿದಳು: ಟಣ್ ಟಣ್.

ಕೈ ಇಳಿಯಿತು. ಒಂಬತ್ತನ್ನು ಕಿತ್ತು, ಬೆಂಚು ಅದುರುವ ಹಾಗೆ ಬಡಿಯಿತು. ಅದರ ಮೇಲೆ ಎಕ್ಕ ಬಂತು, ಹತ್ತು ಬಂತು. ಇಪ್ಪತ್ತು.

ಜನ ಕೂಗಿದ ಕೂಗಿಗೆ ಚಾವಣಿಯ ಪಾರಿವಾಳಗಳು ಹಾರಿಹೋದವು. ಪವಿತ್ರನ್ ಹಲಸಿನೆಲೆ ಎತ್ತಿ ಪ್ರೇಮರಾಜನ ಮುಂದೆ ಚಾಚಿದ. ಕೈ ಮತ್ತೆ ನಡುಗುತ್ತಿತ್ತು, ಎಲೆ ಬೀಸಣಿಗೆಯ ಹಾಗೆ ಗಾಳಿ ಹಾಕುತ್ತಿತ್ತು.

"ಹಾಕ್ಕೋ."

"ಹಾಕುದಿಲ್ಲ! ಅಕ್ಕ ಸನ್ನೆ ಮಾಡಿದ್ದು," ಎಂದ ಪ್ರೇಮರಾಜನ್. "ಎರಡು ಪೆಟ್ಟು ಅಂದ್ರೆ ಎರಡನೇ ಎಲೆ. ಎರಡನೇದೇ ಬಿತ್ತಲ್ಲ?"

"ನನ್ನ ಎಲೆ ಅವಳಿಗೆ ಕಾಣುದಾದ್ರೂ ಹೇಗಾ? ಅದು ಡಬಲ್ ಬೆಲ್ಲು! ಊರಿಗೆ ಗೊತ್ತುಂಟು!"

"ಬಸ್ಸಲ್ಲಿ ಡಬಲ್ ಬೆಲ್ಲು. ಇಸ್ಪೀಟಲ್ಲಿ ಸನ್ನೆ."

ಕಾಲು ಗಂಟೆ ಗಲಾಟೆಯಾಯಿತು. ಕೊನೆಗೆ ದಿನೇಶನ್ ಎದ್ದು ನಿಂತು ತೀರ್ಪು ಹೇಳಿದ. ಬಾಳೆಗೊನೆ ಪವಿತ್ರೇಟ್ಟನಿಗೆ, ರೋಹಿಣಿ ಅತ್ತಿಗೆಗೆ. ಸನ್ನೆಯ ಆರೋಪ ಗಂಭೀರವಾದದ್ದರಿಂದ ಕುಣುಕಿನ ಪ್ರಶ್ನೆಯನ್ನು ಪರಿಶೀಲಿಸಲು ಮೂವರ ಉಪಸಮಿತಿ. ವರದಿ ಬರುವ ತನಕ ಎರಡೂ ಕಡೆಯವರು ಸಂಯಮ ಪಾಲಿಸಬೇಕು.

ಉಪಸಮಿತಿ ಇನ್ನೂ ಸೇರಿಲ್ಲ. ಒಬ್ಬ ಸದಸ್ಯ ದುಬೈಗೆ ಹೋದ, ಇನ್ನೊಬ್ಬ ಪಕ್ಷ ಬಿಟ್ಟ, ಮೂರನೆಯವನು ಚಂದುಕುಟ್ಟಿ. ಬೆಂಚಿನ ತುದಿ ಮಾತ್ರ ಪವಿತ್ರನಿಗೇ ಉಳಿಯಿತು. ಭಾನುವಾರ ಮಧ್ಯಾಹ್ನ ಎದುರಿಗೆ ರೋಹಿಣಿ, ಮುಂದೆ ಬ್ರಶ್ಶು. ಬೈಗುಳದ ಸರಕು ಅವಳಿಗೆ ಇನ್ನೂ ಮುಗಿದಿಲ್ಲ.

ಆ ಎಲೆಯನ್ನು ಪವಿತ್ರನ್ ಮನೆಗೆ ತಂದು ಕ್ಯಾಲೆಂಡರಿನ ಮೊಳೆಗೆ, ಮಾತ್ರೆಯ ಚೀಲದ ಪಕ್ಕ ನೇತುಹಾಕಿದ್ದಾನೆ. ಒಣಗಿ ಪುಡಿಯಾದರೆ ಹೊಸದು ಕೊಯ್ಯುತ್ತಾನೆ, ಈಗಿರುವುದು ಏಳನೆಯದು. ಪ್ರೇಮರಾಜನ್ ದಿನ ಬಿಟ್ಟು ದಿನ ಬರುತ್ತಾನೆ, ಅಕ್ಕ ಕೊಟ್ಟ ಚಹಾ ಕುಡಿಯುತ್ತಾನೆ. ಪವಿತ್ರನ್ ಮೊಳೆಯತ್ತ ಬೆರಳು ತೋರಿಸುತ್ತಾನೆ. ಬೆರಳು ಕುಣಿಯುತ್ತದೆ, ಕ್ಯಾಲೆಂಡರು, ಮಾತ್ರೆ, ದೇವರ ಪಟ, ಎಲ್ಲವನ್ನೂ ತೋರಿಸುತ್ತದೆ.

"ಯಾವುದು ಭಾವಾ, ಮಾತ್ರೆಯಾ?" ಎಂದು ಪ್ರೇಮರಾಜನ್ ಕೇಳುತ್ತಾನೆ.

"ನಿನ್ನ ಕಿವಿಯ ಸಾಲ!"

"ವರದಿ ಬರ್ಲಿ," ಎನ್ನುತ್ತ ಪ್ರೇಮರಾಜನ್ ಲೋಟ ಕೆಳಗಿಟ್ಟು ಆಟೋ ಹತ್ತುತ್ತಾನೆ.